ಕಟ್ಟೆಯ ಹಿಂದಿನ ಅಜ್ಜಿ

ಹೊಳೆಯ ದಡದ ಆ ಆಶ್ರಮದಲ್ಲಿ ಚಿಕ್ಕ ಮಕ್ಕಳ ಪಾಠಶಾಲೆಗೆ ಗುರುಗಳು ಹಾಕಿದ್ದ ನಿಯಮ ಒಂದೇ: ಸುಳ್ಳು ಹೇಳಿ ಮಗುವನ್ನು ಒಳಗೆ ಕರೆಯಕೂಡದು.

ಕಷ್ಟದ ನಿಯಮವೇನಲ್ಲ. ಆದರೂ ಬೇಸಿಗೆ ರಜೆ ಮುಗಿದ ಮೊದಲ ಬೆಳಗ್ಗೆಯೇ ಎಲ್ಲರೂ ಅದನ್ನು ಮುರಿದರು.

"ಇವತ್ತು ಪಾಠ ಇಲ್ಲ ಕಣೋ, ಬರೀ ಆಟ," ಎಂದ ಒಬ್ಬ ಅಪ್ಪ.

"ಪಾಯಸ ಮಾಡಿವ್ನಿ, ಬನ್ರೋ," ಎಂದ ಅಡುಗೆಯ ಮರಿಯಪ್ಪ. ಒಲೆಯ ಮೇಲೆ ಇದ್ದದ್ದು ಹುರುಳಿ ಸಾರು.

ಆಚೆ ದಡದಿಂದ ಹರಿಗೋಲಿನಲ್ಲಿ ಬರುವ ಮಗು ಒಂದೇ, ಚಿಕ್ಕತಾಯಿ. ಆರು ವರ್ಷ ತುಂಬಿರಲಿಲ್ಲ. ಸಾಕಿದ ಅಜ್ಜಿ ಸಿದ್ದಮ್ಮನ ಸೊಂಟವನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

"ನಿಮ್ಮಜ್ಜಿನ ನಾನು ಹತ್ತಿಸ್ಕಳಲ್ಲ ಬುಡವ್ವ, ಒಬ್ನೇ ಹೋಯ್ತೀನಿ," ಎಂದ ಅಂಬಿಗ ಚೆಲುವ.

ಚಿಕ್ಕವರ ಪಾಠ ಆ ವರ್ಷವಷ್ಟೇ ಶಿಷ್ಯ ಗೌರೀಶನ ಕೈಗೆ ಬಂದಿತ್ತು. ಅಚ್ಚುಕಟ್ಟಿನ ಮನುಷ್ಯ. ಮನೆಗೆ ಹೋಗುವ ದಾರಿಯೂ ಹರಿಗೋಲೂ ಕಾಣುವುದು ಹೊಳೆಯ ಕಡೆಗೆ. ಆದ್ದರಿಂದ ಅವನು ಚಾಪೆಗಳನ್ನೆಲ್ಲ ಗೋಡೆಯ ಕಡೆಗೆ ಮುಖ ಮಾಡಿ ಹಾಸಿದ್ದ. ಹೋಗುವವರು ಕಾಣದಿದ್ದರೆ ಅಳುವವರೂ ಇರುವುದಿಲ್ಲ ಎಂದು ಅವನ ಎಣಿಕೆ.

"ಅಜ್ಜಿ ಎಲ್ಲೂ ಹೋಗಲ್ಲ ಮರಿ," ಎಂದ ಅವನು. "ಅಂಗಳದ ಆ ಕಟ್ಟೆ ಹಿಂದೆ ಕೂತಿರ್ತಾರೆ. ನೀನು ಒಂದು ಅಕ್ಷರ ಬರಿ, ಕರೀತೀನಿ."

ಚಿಕ್ಕತಾಯಿ ಕೈ ಬಿಟ್ಟಳು. ಒಳಗೆ ಹೋಗಿ ಸ್ಲೇಟಿನ ಮೇಲೆ ಬರೆದಳು.

"ಬರದೆ. ಕರೀರಿ."

"ಇನ್ನೊಂದು ಬರಿ."

ಬರೆದಳು.

"ಜಾಣೆ. ಇನ್ನೊಂದು."

ಅವಳು ಬಳಪ ಕೆಳಗಿಟ್ಟು ಎದ್ದು ಹೋದಳು. ಕಟ್ಟೆಯ ಹಿಂದೆ ಒಂದು ಆಡು ಮಲಗಿತ್ತು.

ಅವಳು ಅಳಲಿಲ್ಲ. ಆಡಿನ ಪಕ್ಕದಲ್ಲಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಸಂಜೆ ಅಜ್ಜಿ ಬಂದಾಗ ಅವಳ ಮುಖವನ್ನೂ ನೋಡಲಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಗುರುಗಳು ಕೇಳಿದರು: "ಮೊದಲ ದಿನ ಹೇಗಾಯಿತು?"

"ಒಂದು ಮಗುವೂ ಅಳಲಿಲ್ಲ, ಗುರುಗಳೇ."

"ಬೇಸಿಗೆಯೆಲ್ಲ ಅಮ್ಮನ ಮಗ್ಗುಲಲ್ಲಿ ಮಲಗಿ ಎದ್ದವರು. ಅಳಲಿಲ್ಲವೆ?"

"ಅಳುವುದಕ್ಕೆ ಬಿಡಲಿಲ್ಲ."

"ಏನು ಮಾಡಿದೆ?"

ಗೌರೀಶ ಹೇಳಿದ: "ಸಣ್ಣದೊಂದು ಸುಳ್ಳು ಹೇಳಿದೆ. ಅವರ ಒಳ್ಳೆಯದಕ್ಕೇ."

"ಸಣ್ಣದು ಅಂತ ಅಳೆದವರು ಯಾರು? ಹೇಳಿದವನೋ, ಕೇಳಿದವಳೋ?"

ಗುರುಗಳು ಉತ್ತರಕ್ಕೆ ಕಾಯದೆ ಎದ್ದು ಹೋದರು.

ಮರುದಿನ ಬೆಳಗ್ಗೆ ಹರಿಗೋಲು ದಡ ಮುಟ್ಟಿತು. ಸಿದ್ದಮ್ಮ ಇಳಿದಳು. ಚಿಕ್ಕತಾಯಿ ಇಳಿಯಲಿಲ್ಲ. ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಗೌರೀಶ ಬಗ್ಗಿ ಹೇಳಿದ: "ಅಜ್ಜಿ ಸಂಜೆ ಬರ್ತಾರೆ ಚಿಕ್ಕತಾಯಿ. ನಿಜವಾಗ್ಲೂ."

"ನೀವು ಹಂಗೇ ಅಂತೀರಿ."

ಮೆಟ್ಟಿಲ ಮೇಲಿದ್ದ ಹುಡುಗನೊಬ್ಬ ಕೂಗಿದ: "ಮೇಷ್ಟ್ರು ಸುಳ್ಳುಬುರುಕ! ಪಾಯಸಾನೂ ಇರ್ಲಿಲ್ಲ!"

ಅವನ ಅಮ್ಮ ಅವನ ತಲೆಗೆ ಮೊಟಕಿದಳು. ಅವನು ಹೇಳಿದ್ದನ್ನು ಅಲ್ಲವೆನ್ನಲಿಲ್ಲ.

ಅಷ್ಟರಲ್ಲಿ ಗುರುಗಳು ಬಂದರು. ಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಳೆ ಕೀಳಕ್ಕೆ ಹೋಗ್ಬೇಕು ಬುದ್ಧಿ, ಹೊತ್ತಾಯ್ತು. ಇವ್ಳು ಇಳಿಯಾಕಿಲ್ಲ ಅಂದ್ರೆ ನಾಳೆಯಿಂದ ಕರ್ಕಂಡೇ ಬರಲ್ಲ. ಹೊಲದ ಬದೀಲಿ ಕೂರಿಸ್ಕತೀನಿ. ಓದೂ ಬ್ಯಾಡ, ಏನೂ ಬ್ಯಾಡ."

ಆಮೇಲೆ ದನಿ ತಗ್ಗಿಸಿದಳು.

"ನೀವಾದ್ರೂ ಒಂದು ಮಾತು ಹೇಳಿ ಬುದ್ಧಿ. ಅಜ್ಜಿ ಇಲ್ಲೇ ಇರ್ತಾಳೆ ಅನ್ನಿ. ನಿಮ್ಮ ಮಾತು ನಂಬ್ತಾಳೆ."

"ನಂಬುತ್ತಾಳೆ. ಅದಕ್ಕೇ ಹೇಳಲಾರೆ," ಎಂದರು ಗುರುಗಳು.

ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದರು. ಮಗುವಿನ ಮುಖಕ್ಕೆ ಮುಖ ಸರಿಯಾಗುವಂತೆ ಹರಿಗೋಲಿನ ಪಕ್ಕದಲ್ಲಿ ನಿಂತರು.

"ಚಿಕ್ಕತಾಯಿ, ಅಜ್ಜಿ ಹೋಗ್ತಾರೆ."

"ಕಟ್ಟೆ ಹಿಂದಕ್ಕಾ?"

"ಹೊಲಕ್ಕೆ. ನಿನ್ನೆಯೂ ಹೊಲಕ್ಕೇ ಹೋಗಿದ್ದರು."

"ಮೇಷ್ಟ್ರು ಕಟ್ಟೆ ಹಿಂದೆ ಅಂದ್ರು."

ಗುರುಗಳು ಗೌರೀಶನ ಕಡೆ ತಿರುಗಿದರು. ದಡದ ತುಂಬ ಜನ ನಿಂತಿದ್ದರು. ಗೌರೀಶನ ಕಿವಿ ಕೆಂಪಾಯಿತು.

"ಸುಳ್ಳು ಹೇಳಿದೆ," ಎಂದ.

"ಯಾಕೆ?" ಎಂದಳು ಚಿಕ್ಕತಾಯಿ.

"ನೀನು ಅತ್ತರೆ ಏನು ಮಾಡಬೇಕು ಅಂತ ನನಗೆ ತಿಳೀಲಿಲ್ಲ."

ಅವಳು ಗುರುಗಳ ಕಡೆ ತಿರುಗಿ ಕೇಳಿದಳು: "ಇವತ್ತು ಪಾಯಸ ಐತಾ?"

"ಇಲ್ಲ. ಹುರುಳಿ ಸಾರು."

ಮರಿಯಪ್ಪ ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋದ.

"ಅಜ್ಜಿ ಯಾವಾಗ ಬತ್ತಾರೆ?"

"ಈ ಮೆಟ್ಟಿಲ ಮೇಲಿನ ಬಿಸಿಲು ಹೋಗುವ ಹೊತ್ತಿಗೆ ಬಂದೇ ಬರ್ತಾರೆ."

ಚಿಕ್ಕತಾಯಿ ಅಂಚು ಬಿಟ್ಟಳು. ಗುರುಗಳು ಅವಳನ್ನು ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದರು. ಹರಿಗೋಲು ಅಜ್ಜಿಯನ್ನು ಹತ್ತಿಸಿಕೊಂಡು ದಡ ಬಿಟ್ಟಿತು. ಆಗ ಅವಳು ದೊಡ್ಡ ದನಿ ತೆಗೆದು ಅತ್ತಳು. ಅದನ್ನು ಕೇಳಿ ಉಳಿದವರೂ ಶುರು ಮಾಡಿದರು.

"ಗುರುಗಳೇ, ಎಲ್ಲರೂ ಅಳುತ್ತಿದ್ದಾರೆ!" ಎಂದ ಗೌರೀಶ. "ಪಾಠ ಹೇಗೆ ಮಾಡುವುದು?"

ಗುರುಗಳು ಒಳಗೆ ಹೋಗಿ ಚಾಪೆಗಳನ್ನು ಒಂದೊಂದಾಗಿ ಹೊಳೆಯ ಕಡೆಗೆ ತಿರುಗಿಸಿ ಹಾಸಿದರು.

"ಅತ್ತು ಮುಗಿಸಿದವರು ಬರೆಯಲಿ. ನಿದ್ದೆ ಬಂದವರು ಮಲಗಲಿ. ಉಳಿದವರು ಹೊಳೆ ನೋಡಲಿ."

"ನಾಳೆ?"

"ನಾಳೆ ಸ್ವಲ್ಪ ಕಡಿಮೆ ಅಳುತ್ತಾರೆ. ಸ್ವಲ್ಪ ಹೆಚ್ಚು ಬರೆಯುತ್ತಾರೆ."

"ಹೀಗೆ ಎಷ್ಟು ದಿನ?"

"ಬೇಸಿಗೆಯೆಲ್ಲ ಮನೆಯಲ್ಲಿ ಇದ್ದವರು. ಒಂದೇ ದಿನದಲ್ಲಿ ಮರೆಯುತ್ತಾರೆಯೆ?"

ಮಧ್ಯಾಹ್ನದ ಹೊತ್ತಿಗೆ ಅಳು ತಾನಾಗಿಯೇ ತಗ್ಗಿತು. ಮೂಲೆಯಲ್ಲಿ ಇಬ್ಬರು ನಿದ್ದೆ ಹೋದರು. ಗೌರೀಶನ ಕೈ ಅವರನ್ನು ಎಬ್ಬಿಸಲು ಹೋಗಿ ಹಿಂದಕ್ಕೆ ಬಂತು. ಚಿಕ್ಕತಾಯಿ ಹೊಳೆ ನೋಡಿಕೊಂಡು ಸ್ಲೇಟು ತುಂಬಿಸಿದಳು. ಹುರುಳಿ ಸಾರು ಎರಡನೆಯ ಸಲ ಹಾಕಿಸಿಕೊಂಡಳು.

ಸಂಜೆಯಾಗುತ್ತ ಗಾಳಿ ಎದ್ದಿತು. ಮುಂಗಾರಿಗೆ ಮೊದಲು ಏಳುವ ಗಾಳಿ. ಹೊಳೆ ಅಲೆಯಲೆಯಾಯಿತು. ಈ ದಡದ ಮಕ್ಕಳು ಮನೆಗೆ ಹೋದರು. ಚಿಕ್ಕತಾಯಿ ಮೆಟ್ಟಿಲ ಮೇಲೆ ಕೂತು ಬಿಸಿಲನ್ನೇ ನೋಡಿದಳು.

ಬಿಸಿಲು ಕೊನೆಯ ಮೆಟ್ಟಿಲನ್ನೂ ಬಿಟ್ಟಿತು. ಹರಿಗೋಲು ಕಾಣಲಿಲ್ಲ.

"ಬಿಸಿಲು ಹೋಯ್ತು," ಎಂದಳು. "ಗುರುಗಳು ಬಂದೇ ಬತ್ತಾರೆ ಅಂದಿದ್ರು."

ಜಗಲಿಯ ಮೇಲಿದ್ದ ಗುರುಗಳಿಗೆ ಅದು ಕೇಳಿಸಿತು. ಅವರು ಹೊಳೆಯ ಕಡೆ ನೋಡಿದರು.

ಮರಿಯಪ್ಪ ಕೈ ಒರೆಸಿಕೊಳ್ಳುತ್ತ ಓಡಿ ಬಂದ.

"ಅಗೋ ನೋಡವ್ವ! ಅಲ್ಲಿ ಕಪ್ಪಗೆ ಕಾಣ್ತದಲ್ಲ, ಅದೇ ಹರಿಗೋಲು. ಬಂದ್ರು ಬುಡು ನಿಮ್ಮಜ್ಜಿ." ಅವಳ ತಲೆಯ ಮೇಲಿಂದ ಗೌರೀಶನಿಗೆ ಕಣ್ಸನ್ನೆ ಮಾಡಿದ. "ಅಲ್ವಾ ಮೇಷ್ಟ್ರೇ? ಹೂಂ ಅನ್ನಿ."

ಚಿಕ್ಕತಾಯಿ ಕತ್ತೆತ್ತಿ ಗೌರೀಶನನ್ನು ನೋಡಿದಳು. ತುಟಿ ನಡುಗುತ್ತಿತ್ತು.

"ಹರಿಗೋಲಾ ಮೇಷ್ಟ್ರೇ?"

ಹೂಂ ಎಂದಿದ್ದರೆ ಸಾಕಿತ್ತು. ತುಟಿ ನಿಲ್ಲುತ್ತಿತ್ತು. ನಾಳೆಯ ಮಾತು ನಾಳೆಗೆ.

"ಅಲ್ಲ," ಎಂದ ಗೌರೀಶ. "ಅದು ಬಂಡೆ."

"ಅಜ್ಜಿ ಬರಲ್ವಾ?"

"ಗಾಳಿ ಇಳಿಯೋವರೆಗೂ ಹರಿಗೋಲು ಹೊರಡಲ್ಲ. ಗಾಳಿ ಯಾವಾಗ ಇಳಿಯುತ್ತೋ ನನಗೆ ಗೊತ್ತಿಲ್ಲ ಚಿಕ್ಕತಾಯಿ."

"ಅಯ್ಯೋ, ಮಗೀಗೆ ಹಿಂಗಾ ಹೇಳೋದು!" ಎಂದು ಮರಿಯಪ್ಪ ಹಣೆ ಚಚ್ಚಿಕೊಂಡ.

ಅವಳು ಅತ್ತಳು. ಗೌರೀಶ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. ಅಳಬೇಡ ಎನ್ನಲಿಲ್ಲ. ಏನನ್ನೂ ತೋರಿಸಲಿಲ್ಲ. ಗಾಳಿ ಬರುವ ಕಡೆಗೆ ತಾನು ಸರಿದು ಕೂತ, ಅಷ್ಟೇ.

ಸ್ವಲ್ಪ ಹೊತ್ತಿಗೆ ಅವಳು ಮೂಗು ಒರೆಸಿಕೊಂಡು ಅವನ ತೋಳಿಗೆ ಒರಗಿದಳು.

"ಅಜ್ಜಿಗೆ ಗಾಳಿ ಅಂದ್ರೆ ಭಯ," ಎಂದಳು.

"ಹೌದಾ?"

"ಹೂಂ. ನಾನು ಕೈ ಹಿಡ್ಕಂಡ್ರೆ ಹೆದರಾಕಿಲ್ಲ."

ಹಿಂದೆ ಹೆಜ್ಜೆಯ ಸದ್ದಾಯಿತು. ಗುರುಗಳು ಕಂಬಳಿ ತಂದಿದ್ದರು. ಅದನ್ನು ಇಬ್ಬರಿಗೂ ಹೊದಿಸಿದರು. ಹೊದಿಸಿ ಅಲ್ಲೇ ನಿಂತರು.

"ಸ್ವಲ್ಪ ಸರಿದು ಕೂರು, ಗೌರೀಶ," ಎಂದರು. "ಬೆಳಗ್ಗೆ ಬಂದೇ ಬರ್ತಾರೆ ಎಂದಾಗ ನನಗೂ ಗೊತ್ತಿರಲಿಲ್ಲ."