ಚೀಲಕ್ಕೆ ಬಾರದ ಇದ್ದಲು

“ಗುರುಗಳೇ, ಗೆಳೆಯ ನಿಜವಾದವನೇ ಎಂದು ಎಳ್ಳಷ್ಟೂ ಅನುಮಾನ ಉಳಿಯದಂತೆ ತಿಳಿಯುವುದು ಹೇಗೆ?”

ಕೇಳಿದವನು ಮಠದ ಶಿಷ್ಯ ನಂಜಯ್ಯ. ಅವನಿಗೆ ಇದ್ದವನು ಒಬ್ಬನೇ ಗೆಳೆಯ, ಪಂಪಣ್ಣ. ಎಲ್ಲಿ ಅವನು ಕೈ ಬಿಟ್ಟುಹೋಗುತ್ತಾನೋ ಎಂದು ನಂಜಯ್ಯನಿಗೆ ಒಳಗೊಳಗೇ ಭಯ. ಅದಕ್ಕೇ ಅವನ ಅಂಬಲಿಗೆ ಹಿಡಿ ಉಪ್ಪು ಸುರಿದು ನೋಡಿದ, ಪಂಪಣ್ಣ ಕುಡಿದ. ಹೊದಿಕೆ ಕದ್ದನೆಂದು ಎಲ್ಲರೆದುರು ಸುಳ್ಳು ಹೊರಿಸಿ ನೋಡಿದ, ಪಂಪಣ್ಣ ಸಹಿಸಿಕೊಂಡ. ನಾಳೆ ಇನ್ನೂ ದೊಡ್ಡದೊಂದು ಪರೀಕ್ಷೆ ಇಡುವುದಿತ್ತು. ಇದನ್ನೆಲ್ಲ ಅವನೇ ಗುರುಗಳಿಗೆ ಹೇಳಿದ.

“ಕುಳಿತುಕೋ ಮಾರಾಯ” ಎಂದು ಗುರುಗಳು ಕತೆ ತೆಗೆದರು.

ಒಬ್ಬ ವ್ಯಾಪಾರಿಗೆ ಕಲ್ಲಿದ್ದಲು ಬೇಕಿತ್ತು. ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ, ಆ ಊರಿನವನೊಬ್ಬನನ್ನು ಕರೆದು ಹೇಳಿದ: “ಹಳ್ಳ ಕೊರೆದ ದಂಡೆಯಲ್ಲಿ ಹುಡುಕು. ಕೈಗೆ ಕಲ್ಲಿಗಿಂತ ಹಗುರ, ಉಜ್ಜಿದರೆ ಬೆರಳು ಕಪ್ಪು, ಒಡೆದರೆ ಹೊಳಪು. ಅಂಥವು ನಾಲ್ಕಾರು ತುಂಡು ಮಾದರಿಗೆ ತಾ. ತಂದರೆ ಗಣಿ ಇಲ್ಲೇ, ಮೇಸ್ತ್ರಿ ನೀನೇ. ಸಂಜೆಯೊಳಗೆ ತರದಿದ್ದರೆ ನನ್ನ ಗಾಡಿ ಮುಂದಿನ ಊರಿಗೆ.”

ಅವನು ಗುಡ್ಡ ಹತ್ತಿದ್ದೇ ಮೇಸ್ತ್ರಿಯ ಗತ್ತಿನಲ್ಲಿ. ಆದರೆ ಹಿಂದೊಮ್ಮೆ ಕರಿಕಲ್ಲನ್ನು ಇದ್ದಲೆಂದು ಕಮ್ಮಾರನ ಕುಲುಮೆಗೆ ಹೊತ್ತುಹೋಗಿ ಊರಿಗೆಲ್ಲ ನಗೆಪಾಟಲಾಗಿದ್ದ. ಈ ಸಲ ಹಾಗಾಗಬಾರದು.

ಮೊದಲ ತುಂಡು ಸಿಕ್ಕಿತು. ಹಗುರವಿತ್ತು, ಬೆರಳು ಕಪ್ಪಾಯಿತು, ಹೊಳಪೂ ಇತ್ತು. ಅವನಿಗೆ ಸಾಲದು. ಒಣ ಪುರಲೆ ಕಡ್ಡಿ ಒಟ್ಟಿ ಬೆಂಕಿ ಮಾಡಿ ಅದರೊಳಗಿಟ್ಟ. ಧಗಧಗ ಉರಿಯಿತು. ಅಪ್ಪಟ ಇದ್ದಲು! ಕುಣಿದಾಡಿದ. ಎರಡನೆಯದು ಸಿಕ್ಕಿತು. ಮೊದಲನೆಯದು ನಿಜವಾಗಿತ್ತು, ಸರಿ. ಇದನ್ನು ನಂಬುವುದು ಹೇಗೆ? ಅದನ್ನೂ ಬೆಂಕಿಗೆ ಹಾಕಿದ.

ದನ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ನಿಂತು ನೋಡಿ, “ಒಂದು ಚೂರು ಮುರಿದು ಸುಟ್ಟರೆ ಸಾಲದೇನೋ?” ಎಂದಳು.

“ಚೂರು ಇದ್ದಲಾಗಿ, ಮಿಕ್ಕಿದ್ದು ಕಲ್ಲಾಗಿದ್ದರೆ ಏನು ಮಾಡಲಿ ಅಜ್ಜಿ?”

ಅಜ್ಜಿ ವಾದಕ್ಕೆ ಹೋಗಲಿಲ್ಲ. ಒಳ್ಳೆ ಬೆಂಕಿ ಯಾಕೆ ಹಾಳಾಗಬೇಕೆಂದು ಅದರ ಮೇಲೆ ಅವರೆಕಾಯಿ ಬೇಯಿಸಿಕೊಂಡು, ಅವನಿಗೂ ಒಂದು ಹಿಡಿ ಕೊಟ್ಟು ಹೋದಳು. ಅವನು ಕಾಯಿ ಮೆಲ್ಲುತ್ತಾ ಸಿಕ್ಕಿದ್ದನ್ನೆಲ್ಲ ಸುಟ್ಟ. ಉರಿಯದ ಕಲ್ಲುಗಳನ್ನು ಮಾತ್ರ ಜೋಪಾನವಾಗಿ ಚೀಲಕ್ಕೆ ಹಾಕಿದ. ತಾನು ಎಷ್ಟು ಎಚ್ಚರದಿಂದ ಆರಿಸಿದ್ದೇನೆಂದು ವ್ಯಾಪಾರಿಗೂ ಗೊತ್ತಾಗಬೇಕಲ್ಲ.

ಸಂಜೆ ವ್ಯಾಪಾರಿಯ ಮುಂದೆ ಚೀಲ ಸುರಿದ.

“ಇವುಗಳಲ್ಲಿ ಒಂದೂ ಇದ್ದಲಲ್ಲ ಧಣಿ. ನನ್ನಾಣೆ.”

“ಮತ್ತೆ ಇದ್ದಲೆಲ್ಲಿ?”

“ಅವು ಒಂದೂ ಸುಳ್ಳಾಗಲಿಲ್ಲ ಧಣಿ. ಎಲ್ಲಾ ಉರಿದವು” ಎಂದು ಹೆಮ್ಮೆಯಿಂದ ಬೂದಿ ಮೆತ್ತಿದ ಅಂಗೈ ತೋರಿಸಿದ.

ವ್ಯಾಪಾರಿ ಎತ್ತುಗಳನ್ನು ತಿರುಗಿಸಿದ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಇವನಿಗೆ ಅಳು ಬಂತು.

ನಂಜಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ ಗುರುಗಳೇ ಅವನು! ಬೆರಳು ಕಪ್ಪಾದ ಕೂಡಲೇ ಚೀಲಕ್ಕೆ ಹಾಕಿಕೊಳ್ಳಬಾರದಿತ್ತೇ?”

ಗುರುಗಳು ಕೇಳಿದರು: “ಪಂಪಣ್ಣ ಉಪ್ಪಿನ ಅಂಬಲಿ ಕುಡಿದ ಕೂಡಲೇ ನೀನು ಅವನನ್ನು ಚೀಲಕ್ಕೆ ಹಾಕಿಕೊಂಡೆಯೇನಪ್ಪಾ?”