ಫಕ್ಕೀರಪ್ಪ ಕಂಪ್ಯೂಟರ್ ಹಗುರ ಮಾಡಿದ್ದು

ಶಿರಹಟ್ಟಿ ಪೇಟೆಯೊಳಗ ದ್ಯಾಮವ್ವ ಅಂತ ಒಬ್ಬಾಕಿ ಇದ್ದಳ್ರೀ. ಆಕಿಗೆ ಒಂದು ಟೈಪಿಂಗ್ ಅಂಗಡಿ, ಒಂದು ಹಳೇ ಕಂಪ್ಯೂಟರು, ಒಬ್ಬ ಮಗ. ಮಗ ಫಕ್ಕೀರಪ್ಪ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದ ದ್ಯಾಮವ್ವನ ಸಂಕಟ. 'ನಾ ಹೋದ ಮ್ಯಾಲೆ ಇವನ ಗತಿ ಏನಪಾ' ಅಂತ ದಿನಾ ಚಿಂತಿ ಮಾಡಾಕಿ.

ಕಂಪ್ಯೂಟರಿನ್ಯಾಗ ಅದನ್ನ ನಡಸಾಕ ಲಿನಕ್ಸ್ ಅನ್ನೂ ತಂತ್ರಾಂಶ ಇತ್ತು. ಅದರ ಡೆಸ್ಕ್‌ಟಾಪ್ ಅಂದ್ರ ಪರದೆ ಮ್ಯಾಲಿನ ಸಿಂಗಾರ ಭಾಳ ಚಂದ: ಕಿಟಕಿ ತೆರೆದರ ನೆರಳು, ಮುಚ್ಚಿದರ ಕುಣಿತ, ಮೂಲ್ಯಾಗ ಹವಾಮಾನ. ಆದರ ಒಂದು ಅರ್ಜಿ ತೆರೆಯೂದ್ರೊಳಗ ಗಿರಾಕಿ ಚಾ ಕುಡದು ಬರಾಂವ! ರಿಪೇರಿ ಮಾಡೂ ತಮ್ಮನ ಮಗ ಮಲ್ಲೇಶಿ ನೋಡಿ ಅಂದ: "ಅತ್ತಿ, ಈ ಮುದಿ ಮಷಿನ್ನಿಗೆ ಇದು ಭಾರ ಆಗೇತಿ. ಹಗುರಾದ್ದು ಹಾಕಬೇಕು."

"ಫಕ್ಕೀರಾ, ಕಂಪ್ಯೂಟರ್ ಹಗುರ ಮಾಡಿಸ್ಕೊಂಡು ಬಾ," ಅಂದಳು ದ್ಯಾಮವ್ವ.

ಹೊತ್ಕೊಂಡು ಹೋದ. ಮಲ್ಲೇಶಿ ಕಡೆ ಅಲ್ರೀ, ಕಿರಾಣಿ ಅಂಗಡಿ ತಕ್ಕಡಿಗೆ! ಮುಚ್ಚಳ ಬಿಚ್ಚಿದ, ತೂಗಿದ. ಫ್ಯಾನ್ ಕಿತ್ತ, ತೂಗಿದ. ತಿರುಗಿ ಬಂದು ಕೂಗಿದ: "ಅವ್ವಾ, ಹೂವಿನಂಗ ಆಗೇತಿ!"

"ಅಯ್ಯ ನನ ಮಗನ! ಹಗುರ ಅಂದ್ರ ತೂಕಲ್ಲೋ! ಬ್ಯಾಡಾದ್ದು ತಗೀಬೇಕು, ಬೇಕಾದ್ದಷ್ಟ ಇಡಬೇಕು!"

"ಹಂಗ ಹೇಳಬಾರದೇನವ್ವಾ!"

ಮಲ್ಲೇಶಿ ಎಲ್ಲಾ ಜೋಡಿಸಿ ಹಗುರಾದ ಡೆಸ್ಕ್‌ಟಾಪ್ ಹಾಕಿದ. ಪರದೆ ಬೋಳು ಬೋಳು. ಆದರ ಅರ್ಜಿ ಫಟ್ ಅಂತ ತೆರೀತು!

ದ್ಯಾಮವ್ವ ಸಂತಿಗೆ ಹೋದಾಗ ಚಂಬಣ್ಣ ಅನ್ನೂ ಗಿರಾಕಿ ಮಗಳ ಲಗ್ನಪತ್ರಿಕೆ ಮಾಡಿಸಾಕ ಬಂದ. ಫಕ್ಕೀರಪ್ಪ ಬ್ಯಾಡಾದ್ದು ತಗದ, ಬೇಕಾದ್ದಷ್ಟ ಇಟ್ಟ. ಪತ್ರಿಕೆ ಹೊರಗ ಬಂತು: "ಲಗ್ನ ಐತಿ. ಬರ್ರಿ."

"ಯಾರದು? ಎಲ್ಲಿ? ಯಾವಾಗ?" ಅಂತ ಚಂಬಣ್ಣ ಕುಣಿದಾಡಿದ. ದ್ಯಾಮವ್ವ ಬಂದು ಕೈಮುಗಿದು, ತಾನ ಕುಂತು ಬರಕೊಟ್ಟಳು. "ಒಂದೂ ಬಿಡಬಾರದೋ! ಇದ್ದದ್ದೆಲ್ಲಾ ಹಾಕಬೇಕು!"

"ಆತವ್ವಾ."

ಇದ್ದದ್ದೆಲ್ಲಾ ಹಾಕಿದ, ಕಂಪ್ಯೂಟರಿಗೆ! ಹಗುರಾದ್ದು, ಭಾರಾದ್ದು, ಲಿನಕ್ಸಿಗೆ ಸಿಗೂ ಡೆಸ್ಕ್‌ಟಾಪ್ ಅಷ್ಟೂ. ಮಷಿನ್ನು ನಿಂತ ಬಿಡ್ತು. ದ್ಯಾಮವ್ವ ಅತ್ತಳು. ಫಕ್ಕೀರಪ್ಪ ಅಂಗಿ ಚುಂಗಿಲೆ ಆಕಿ ಕಣ್ಣೊರಸಿ, ತಾನೂ ಅತ್ತ.

ಮಲ್ಲೇಶಿ ಮತ್ತ ಬಂದ. ಉಳದದ್ದು ತಗದು ಎರಡ ಇಟ್ಟ: ಎಲ್ಲಾ ಸೌಲಭ್ಯ ಇರೂ ಭಾರಾದ್ದೊಂದು, ಹಗುರಾದ್ದೊಂದು. "ಅತ್ತಿ, ಕಂಪ್ಯೂಟರ್ ಚಾಲೂ ಮಾಡಿದಾಗ ಪಾಸ್ವರ್ಡ್ ಹಾಕೂ ಮುಂದ ಎರಡರಾಗ ಬೇಕಾದ್ದು ಆರಿಸ್ಕೋ."

ದ್ಯಾಮವ್ವ ಮಗನಿಗೆ ಮೆತ್ತಗ ಹೇಳಿದಳು: "ದುಡಿಯೋರ ಕಷ್ಟ ಕೇಳಿ ಆರಿಸಬೇಕಪಾ."

ಫಕ್ಕೀರಪ್ಪ ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚಿದ. ಭಾರಾದ್ದು ಹಾಕಿದರ ಗುರ್ ಗುರ್. "ಅವ್ವಾ, ದಣದೈತಿ!" ಹಗುರಾದ್ದು ಹಾಕಿದರ ಸದ್ದ ಇಲ್ಲ. "ಈಗ ಆರಾಮ ಐತಿ!"

ದ್ಯಾಮವ್ವ ದಂಗಾದಳು. ಮಲ್ಲೇಶಿ ಹೇಳಿದ್ದೂ ಅದನ್ನ ಅಲ್ಲೇನ್ರೀ! ಬೆನ್ನು ಚಪ್ಪರಿಸಿದಳು. "ಶಾಣ್ಯಾ ಅದಿ! ದುಡದವರನ್ನ ಹಿಂಗ ಜ್ವಾಕಿ ಮಾಡಬೇಕು." ಹಗುರಾಗಿ ಉಸಿರುಬಿಟ್ಟು ಊಟಕ್ಕ ಹೋದಳು.

ತಿರುಗಿ ಬಂದರ ಗಿರಾಕಿಗಳೆಲ್ಲಾ ಚಪ್ಪಲಿ ಕೈಯಾಗ ಹಿಡಕೊಂಡು ಹೊರಗ ನಿಂತಾರ! ಒಳಗ ಕಂಪ್ಯೂಟರ್ ಬಂದ್. ಮಂಚದ ಮ್ಯಾಲೆ ಕೌದಿ ಹೊದ್ದು ಮಲಗೇತಿ. ಫಕ್ಕೀರಪ್ಪ ಬೀಸಣಿಗೆ ಬೀಸಾಕತ್ತಾನ.

"ಶ್! ಅವ್ವಾ, ಮುಂಜಾನಿಂದ ದುಡದೈತಿ. ಈಗರ ಕಣ್ಣು ಮುಚ್ಚೇತಿ."

ಬೈಯಾಕ ಬಾಯಿ ತೆಗೆದಳು ದ್ಯಾಮವ್ವ. ಬೀಸಿ ಬೀಸಿ ಬೆವತ ಮಗನ ಮಾರಿ ನೋಡಿದಳು. ತಾನೂ ಚಪ್ಪಲಿ ಬಿಟ್ಟು, ತುದಿಗಾಲಿಲೆ ಒಳಗ ಬಂದು, ಪಿಸುಗುಟ್ಟಿದಳು:

"ಎಷ್ಟೊತ್ತಿಗೆ ಏಳತೈತಿ, ಮಗನ?"