ಬಯಲಿಗೆ ಬಾರದ ರಾಜ

“ಅಮ್ಮಾ, ನಿನ್ನೆಯ ವಾದಸಭೆಯಲ್ಲಿ ಎದುರಾಳಿಯ ವಾದ ಟೊಳ್ಳೆಂದು ನನಗೆ ತಿಳಿದಿತ್ತು. ಆದರೆ ಅದು ಎಷ್ಟು ಸೊಗಸಾಗಿತ್ತೆಂದರೆ, ಒಡೆಯಲು ಮನಸ್ಸಾಗದೆ ಸುಮ್ಮನಾದೆ. ಅದು ಔದಾರ್ಯವಲ್ಲವೇ?” ಎಂದು ಶಿಷ್ಯೆ ಕೇಳಿದಳು.

ಆಚಾರ್ಯೆ ಹೇಳಿದರು:

ಚದುರಂಗ ಕಲಿಸುವ ಗುರುಕುಲವೊಂದಿತ್ತು. ಅದರ ಗುರು ತೀರಿಕೊಂಡಾಗ, ಪೀಠಕ್ಕಾಗಿ ಇಬ್ಬರು ಶಿಷ್ಯರು ಪರಸ್ಪರ ಆಡಬೇಕಾಯಿತು. ಗೆದ್ದವನಿಗೆ ಪೀಠ; ಸೋತವನು ಗುರುಕುಲವನ್ನೇ ಬಿಟ್ಟು ಹೊರಡಬೇಕು. ಹಿರಿಯನಿಗೆ ಆ ಗೋಡೆಗಳ ಹೊರಗೆ ಬೇರೆ ಬದುಕಿರಲಿಲ್ಲ. ಕಿರಿಯನಿಗೆ ಮೊದಲ ಪಾಠ ಹೇಳಿದವನೂ ಅವನೇ.

ಆಟದ ನಡುವೆ ಕಿರಿಯನು ತನ್ನ ಆನೆಯನ್ನು ಬಲಿಕೊಟ್ಟನು. ಬಳಿಕ ಕುದುರೆಯನ್ನು. ಕೊನೆಗೆ ಮಂತ್ರಿಯನ್ನೇ ಎದುರಾಳಿಯ ಬಾಯಿಗೆ ನೂಕಿದನು.

“ಅಯ್ಯೋ, ಇವನಿಗೇನು ತಲೆ ಕೆಟ್ಟಿದೆಯೇ!” ಎಂದು ಸಭೆಯಲ್ಲಿ ಯಾರೋ ಕೂಗಿದರು.

ಅಷ್ಟರಲ್ಲಿ ಅವನ ಒಂಟೆಯೂ ಕಾಲಾಳುಗಳೂ ಹಿರಿಯನ ರಾಜನನ್ನು ಮೂರು ಕಡೆಯಿಂದ ಮುತ್ತಿದ್ದವು. ಅಂಥ ದಾಳಿಯನ್ನು ಆ ಸಭೆ ಹಿಂದೆಂದೂ ಕಂಡಿರಲಿಲ್ಲ. ಹಿರಿಯನು ಬಹಳ ಹೊತ್ತು ಹಲಗೆಯನ್ನು ನೋಡಿದನು. ಅನಂತರ ಸೋಲೊಪ್ಪಿ ತನ್ನ ರಾಜನನ್ನು ಮೆಲ್ಲನೆ ಮಲಗಿಸಿದನು.

ಗೆದ್ದವನು ಅದೇ ಹಲಗೆಯ ಮೇಲೆ, ಸೋತವನಿಗೆ ಅವನ ಸೋಲನ್ನು ಬಿಡಿಸಿ ತೋರಿಸಬೇಕೆಂಬುದು ಅಲ್ಲಿಯ ವಾಡಿಕೆ. ಕಿರಿಯನು ಹಲಗೆಯತ್ತ ಬಾಗಿದನು. ನಗುತ್ತ, ಮಲಗಿದ್ದ ರಾಜನನ್ನು ಎತ್ತಿ ಒಂದು ಮನೆ ಮುಂದಕ್ಕೆ, ಬಯಲಿಗೆ, ಇಟ್ಟನು. ಅಲ್ಲಿ ಅವನನ್ನು ಮುಟ್ಟಬಲ್ಲ ಕಾಯಿ ಒಂದೂ ಇರಲಿಲ್ಲ. ದಾಳಿ ಅಲ್ಲಿಗೇ ಸತ್ತಿತ್ತು.

ಸಭೆ ಬೆಚ್ಚಿಬಿದ್ದಿತು. ಶಾಲು ಹೊದಿಸಲು ಬಂದವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು.

“ಮಂತ್ರಿಯನ್ನು ಕೊಡುವಾಗ ಈ ನಡೆ ನಿನಗೆ ಗೊತ್ತಿತ್ತೇನೋ?” ಎಂದು ಮುದುಕರೊಬ್ಬರು ಕೇಳಿದರು.

“ಗೊತ್ತಿಲ್ಲದೆ ಏನು ತಾತ? ನಮ್ಮಣ್ಣನೂ ನನಗೆ ಗೊತ್ತಲ್ಲ! ‘ಮಾನವುಳ್ಳ ರಾಜ ಬೀದಿಗಿಳಿಯುವುದಿಲ್ಲ ಕಣೋ’ ಎಂದು ನನ್ನ ಕಿವಿ ಹಿಂಡಿ ಕಲಿಸಿದವನೇ ಇವನು. ಈ ನಡೆ ಇವನ ಕಣ್ಣಿಗೆ ಎಲ್ಲಿಂದ ಬೀಳಬೇಕು, ಪಾಪ!”

“ಬಿದ್ದಿತ್ತು ತಮ್ಮಾ” ಎಂದನು ಹಿರಿಯ. “ಇಂಥ ಆಟವನ್ನು ಅಷ್ಟು ಒರಟು ನಡೆಯಿಂದ ಹೇಗೆ ಕೆಡಿಸಲಿ ಅನ್ನಿಸಿತು.”

ಕಿರಿಯನ ನಗು ನಿಂತಿತು. ಹಿರಿಯನು ಎದ್ದು ಹೊರಬಾಗಿಲನ್ನು ದಾಟಿ ಹೋದನು.

ಶಿಷ್ಯೆಯ ಕಣ್ಣುಗಳು ತುಂಬಿದ್ದವು. “ಎಂಥ ದೊಡ್ಡ ಮನಸ್ಸು, ಅಮ್ಮಾ!” ಎಂದಳು.

“ಅವನು ಕುಳಿತದ್ದು ಆಡಲಿಕ್ಕೆ, ನೋಡಲಿಕ್ಕಲ್ಲ” ಎಂದರು ಆಚಾರ್ಯೆ.